ಕಹಳೆ ದೊಡ್ಡಪ್ಪನ ಸಡಿಲ ಹಲ್ಲು

ನಮ್ಮ ದೊಡ್ಡಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲೇಬೇಕಾಗಿ ಬಂದಾಗ ಅವರಿಗೆ ಹೊಳೆದದ್ದು ಹಲ್ಲು.

ಮೂವತ್ತು ವರ್ಷ ಬ್ಯಾಂಡಿನಲ್ಲಿ ಕಹಳೆ ಊದಿದವರು ಅವರು. ಗರಿಗರಿ ಬಿಳಿ ಪ್ಯಾಂಟು, ಹಿತ್ತಾಳೆ ಗುಂಡಿಯ ಕೋಟು. ಕಹಳೆ ದೊಡ್ಡಪ್ಪ ಎಂದರೆ ಸುತ್ತಲಿನ ನಾಲ್ಕು ಬೀದಿಗೂ ಗೊತ್ತು. ಕ್ಯಾನ್ಸರ್ ಎಂದು ಡಾಕ್ಟರು ಅವರ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದರು. ಜೀವ ಉಳಿಯಿತು, ಆದರೆ ಮೂತ್ರದ ಹಿಡಿತ ತಪ್ಪಿತು. ಕೆಮ್ಮಿದರೆ ಹನಿ, ನಕ್ಕರೆ ಹನಿ. ಕಹಳೆಗೆ ಹೊಟ್ಟೆಯಿಂದ ಉಸಿರು ತುಂಬಿದರಂತೂ ಕೇಳಲೇಬೇಡಿ. ಬಿಳಿ ಪ್ಯಾಂಟು ಬೇರೆ!

"ಮುಂದಿನ ಹಲ್ಲು ಸಡಿಲ ಆಗಿದೆ ಮಾಸ್ತರೇ, ಇನ್ನು ಊದೋಕಾಗಲ್ಲ," ಎಂದು ಬ್ಯಾಂಡ್ ಮಾಸ್ತರರಿಗೆ ಹೇಳಿ, ಕಹಳೆಯನ್ನು ಬೀರುವಿನ ಮೇಲಿಟ್ಟರು. ಇನ್ನು ನಾಲ್ಕು ತಿಂಗಳಿಗೆ ಬ್ಯಾಂಡಿನ ವಾರ್ಷಿಕ ಕಾರ್ಯಕ್ರಮ. ಅದಕ್ಕೂ ಬಾರದಿದ್ದರೆ ಅವರ ಜಾಗ ಬೇರೆಯವರಿಗೆ. ದೊಡ್ಡಪ್ಪ ಮಾತು ಬಿಟ್ಟರು, ಅರ್ಧ ಊಟವನ್ನೂ ಬಿಟ್ಟರು. ಆ ಕಹಳೆಯಿಲ್ಲದೆ ಅವರು ಬದುಕುವುದು ಹೇಗೆಂದು ನನಗೇ ಭಯವಾಗಿತ್ತು.

ಮಾಸ್ತರರೋ ಬಿಡುವ ಆಸಾಮಿಯಲ್ಲ. ಒಂದು ಬೆಳಿಗ್ಗೆ ಬಂದು ದೊಡ್ಡಪ್ಪನನ್ನು ಹಲ್ಲಿನ ಡಾಕ್ಟರ ಬಳಿ ಎಳೆದೊಯ್ದರು. ನಾನೂ ಜೊತೆಗಿದ್ದೆ. ಡಾಕ್ಟರು ಒಂದೊಂದೇ ಹಲ್ಲು ತಟ್ಟಿ ನೋಡಿ, "ಯಜಮಾನ್ರೇ, ಈ ಹಲ್ಲಲ್ಲಿ ಕಬ್ಬಿಣದ ಕಡಲೇನೂ ಅಗೀಬಹುದು," ಎಂದರು. ಮಾಸ್ತರರ ಮುಖ ಸಪ್ಪಗಾಯಿತು.

"ನಮ್ಮ ಸಹವಾಸ ಬೇಡ ಅಂತ ನೇರವಾಗೇ ಹೇಳಬಾರದಿತ್ತಾ?" ಎಂದು ಹೊರಟೇ ಹೋದರು.

ಮನೆಗೆ ಬಂದ ದೊಡ್ಡಪ್ಪ ಅಡುಗೆಮನೆಯ ಬೆಂಚಿನ ಮೇಲೆ ಕುಸಿದರು. "ಮಾನ ಹೋಯ್ತು ಕಣೇ. ಈ ವಯಸ್ಸಲ್ಲಿ ಮಗು ಥರ ಒದ್ದೆ ಮಾಡ್ಕೊಳ್ಳೋನು ನಾನೊಬ್ಬನೇ," ಎಂದು ಅತ್ತೇಬಿಟ್ಟರು.

ತಟ್ಟೆ ಒರೆಸುತ್ತಿದ್ದ ದೊಡ್ಡಮ್ಮ ತಿರುಗಿಯೂ ನೋಡಲಿಲ್ಲ. "ಒಬ್ಬನೇ ಅಂತೆ! ಎರಡನೇ ಹೆರಿಗೆ ಆದಾಗಿಂದ ನನಗೂ ಇದೇ ಗೋಳು. ಸೀನಿದ್ರೆ, ಬಕೆಟ್ ಎತ್ತಿದ್ರೆ. ಇಪ್ಪತ್ತೆಂಟು ವರ್ಷ ಆಯ್ತು."

"ನನಗೆ ಹೇಳಲೇ ಇಲ್ವಲ್ಲೇ!"

"ನೀವು ಕೇಳಿದ್ರಾ? ಕಾರ್ಯಕ್ರಮಕ್ಕೆ ಬಂದಾಗೆಲ್ಲ ಬಾಗಿಲ ಹತ್ರಾನೇ ಯಾಕೆ ಕೂರ್ತೀಯ, ನಾನು ಊದೋದು ಕೇಳೋಕಾಗಲ್ವಾ ಅಂತ ಜಗಳ ಆಡಿದ್ರಿ, ಅಷ್ಟೇ."

ದೊಡ್ಡಮ್ಮ ತಟ್ಟೆ ಕೆಳಗಿಟ್ಟು ಬೆಂಚಿನ ಬಳಿ ಬಂದರು.

"ಆಸ್ಪತ್ರೇಲಿ ನರ್ಸಮ್ಮ ಇದಕ್ಕೇ ಅಂತ ವ್ಯಾಯಾಮ ಹೇಳಿಕೊಡುವಾಗ ನಾಚ್ಕೊಂಡು ಗೋಡೆ ನೋಡ್ತಿದ್ರಿ. ನಾನು ಕೇಳಿಸ್ಕೊಂಡಿದ್ದೀನಿ. ಬನ್ನಿ, ಇಬ್ಬರೂ ಮಾಡೋಣ."

ಅಂದಿನಿಂದ ದಿನಕ್ಕೆ ಮೂರು ಸಲ ಇಬ್ಬರೂ ಬೆಂಚಿನ ಮೇಲೆ ಕೂತು, ಮೂತ್ರ ತಡೆಯುವಂತೆ ಒಳಗೇ ಬಿಗಿಹಿಡಿದು, ಐದು ಎಣಿಸಿ ಬಿಡುತ್ತಿದ್ದರು. ದೊಡ್ಡಪ್ಪ ಉಸಿರು ಕಟ್ಟಿ ಕೆಂಪಾದರೆ, "ಕೆನ್ನೆ ಅಲ್ಲ ರೀ, ಕೆಳಗೆ!" ಎಂದು ದೊಡ್ಡಮ್ಮ ಗದರುತ್ತಿದ್ದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ.

ಕೊನೆಗೆ ದೊಡ್ಡಪ್ಪ ಮಾಸ್ತರರಿಗೂ ನಿಜ ಒಪ್ಪಿಸಿದರು. "ಹಲ್ಲು ಗಟ್ಟಿ ಇದೆಯಲ್ಲ, ಸಾಕು ಬಾರಯ್ಯ!" ಎಂದರಂತೆ ಆ ಪುಣ್ಯಾತ್ಮ.

ಕಾರ್ಯಕ್ರಮದ ದಿನಕ್ಕೆ ಹಿಡಿತ ಪೂರ್ತಿ ಬಂದಿರಲಿಲ್ಲ. ಪ್ಯಾಡ್ ಹಾಕಿಕೊಂಡೇ ದೊಡ್ಡಪ್ಪ ವೇದಿಕೆ ಹತ್ತಿದರು, ಸಭಾಂಗಣ ನಡುಗುವಂತೆ ಊದಿದರು. ಮೂರನೇ ಹಾಡು ಮುಗಿದ ಕೂಡಲೇ ಕಹಳೆ ಕೆಳಗಿಟ್ಟು, ಇಳಿದು, ಬಾಗಿಲ ಬಳಿ ನನ್ನ ಪಕ್ಕ ಕೂತಿದ್ದ ದೊಡ್ಡಮ್ಮನ ಹತ್ತಿರ ಬಂದರು. ಬಗ್ಗಿ ಮೆಲ್ಲಗೆ, "ನಾನು ಹೋಗಿ ಬರ್ತೀನಿ. ನಿನಗೂ ಹೋಗಬೇಕಾ?" ಎಂದು ಕೇಳಿದರು.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಇಪ್ಪತ್ತೆಂಟು ವರ್ಷದಿಂದ ಹೋಗಬೇಕು," ಎಂದರು. "ನಡೀರಿ."