ಉಂಗುರ ತೆಗೆದು ಕೈ ಇಡಿ

ಬೀದಿಯವರೆಲ್ಲ ಅವಳನ್ನು ಎಂಟ್ಬೆರಳಿನಕ್ಕ ಎಂದೇ ಕರೆಯುತ್ತಿದ್ದರು. ಎಡಗೈಯ ಎರಡು ಬೆರಳು ತಗಡಿನ ಕಾರ್ಖಾನೆಯ ಮೂರನೇ ನಂಬರ್ ಪ್ರೆಸ್ಸಿಗೆ ಸಿಕ್ಕಿ ಹೋಗಿ ನಾಲ್ಕು ವರ್ಷವಾಗಿತ್ತು. ಕೈ ಅಡ್ಡ ಬಂದರೆ ನಿಲ್ಲುವ ಹಾಗೆ ಪ್ರೆಸ್ಸಿಗೊಂದು ಸೆನ್ಸರ್ ಹಾಕಿಸಿ ಎಂದು ಅವಳು ಮೊದಲೇ ಮೂರು ಸಲ ಕೇಳಿದ್ದಳು. ಕಾರ್ಖಾನೆಯ ಯಜಮಾನ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳು ಹೋದ ಮೇಲೆ ವರದಿಯಲ್ಲಿ "ಕೆಲಸದವಳ ಅಜಾಗರೂಕತೆ" ಎಂದು ಬರೆದು ಕೈ ತೊಳೆದುಕೊಂಡ. ಆ ಒಂದು ಮಾತಿನಿಂದ ಬೇರೆ ಯಾವ ಕಾರ್ಖಾನೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಬೆರಳಿಗಿಂತ ಆ ಮಾತೇ ಹೆಚ್ಚು ನೋಯುತ್ತಿತ್ತು.

ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಲೇತ್, ಡ್ರಿಲ್, ಒಂದು ಪುಟ್ಟ ಪ್ರೆಸ್ ಇಟ್ಟುಕೊಂಡು ಅವಳು ಸಣ್ಣಪುಟ್ಟ ಬಿಡಿಭಾಗ ಮಾಡಿಕೊಡುತ್ತಿದ್ದಳು. ತನ್ನ ಪ್ರೆಸ್ಸಿಗೆ ಸೆನ್ಸರ್ ಇಲ್ಲದೆ ಪೆಡಲ್ ಮುಟ್ಟುವುದಿಲ್ಲ ಎಂದು ಹಟ. ಕೈಗೆಟಕುವ ಬೆಲೆಯದನ್ನೇ ಹುಡುಕಿದಳು. ಕಡ್ಡಿ ತಾಗಿದರೆ ನಿಲ್ಲುವ ಸ್ವಿಚ್ಚಿಗೆ ವಾರದಲ್ಲೇ ಕಬ್ಬಿಣದ ಚೂರು ಸಿಕ್ಕಿಕೊಂಡಿತು. ಬೆಳಕು ಬಿಟ್ಟು ಹಿಡಿಯುವ ಅಗ್ಗದ ಕಣ್ಣಿಗೆ ಮಧ್ಯಾಹ್ನದ ಬಿಸಿಲು ಬಿದ್ದರೆ ಕುರುಡು. ಮೂರನೆಯದು ಬೆರಳುದ್ದದ ಹಿತ್ತಾಳೆ ಕೊಳವೆ. ಮನೆಯಲ್ಲಿ ಜೊತೆಗಿದ್ದ ಅತ್ತೆ ಅದರ ಮುಂದೆ ಕೈ ಹಿಡಿದರು, ಕೆಂಪು ದೀಪ ಹೊತ್ತಿತು.

"ಸಿಕ್ತಲ್ಲೇ!" ಎಂದು ಅತ್ತೆ ಹಿಗ್ಗಿದರು.

ಅವಳಿಗೆ ಅನುಮಾನ. "ಅತ್ತೆ, ಬಳೆ ತೆಗೀರಿ."

ಬೆಳ್ಳಿ ಬಳೆ ತೆಗೆದ ಕೈಗೆ ದೀಪ ಹೊತ್ತಲೇ ಇಲ್ಲ.

"ಇದಕ್ಕೆ ಲೋಹ ಮಾತ್ರ ಕಾಣತ್ತೆ, ಕೈ ಕಾಣಲ್ಲ."

"ನಿನ್ನ ಹಳೇ ಯಜಮಾನನ ಜಾತಿದು ಅನ್ನು!"

ಕೊನೆಗೆ ಎದುರುಬದುರು ನಿಲ್ಲುವ ಜೋಡಿ ಕಣ್ಣುಗಳನ್ನು ತಂದು, ಬಿಸಿಲು ಬೀಳದಂತೆ ತಾನೇ ಲೇತಿನಲ್ಲಿ ಪುಟ್ಟ ಟೊಪ್ಪಿ ಕಡೆದು ಹಾಕಿದಳು. ನಡುವೆ ಏನೇ ಬಂದರೂ, ತಂತಿಯೇ ತುಂಡಾದರೂ, ಪ್ರೆಸ್ ಕದಲಬಾರದು. ಹಾಗೇ ಕೂಡಿಸಿದಳು.

ಒಂದು ಬೆಳಿಗ್ಗೆ ಯಜಮಾನನೇ ಬಾಗಿಲಲ್ಲಿ ಪ್ರತ್ಯಕ್ಷ. ಕೈಯಲ್ಲೊಂದು ಚೀಲ.

"ಏನಮ್ಮಾ, ಚೆನ್ನಾಗಿದ್ದೀಯಾ? ನಾಳೆ ತನಿಖೆಯವರು ಬರ್ತಾರೆ. ಸೆನ್ಸರ್ ಇಲ್ಲದಿದ್ರೆ ಬೀಗ ಜಡೀತಾರಂತೆ. ಹನ್ನೆರಡು ತಂದಿದ್ದೀನಿ, ಪ್ರೆಸ್ಸಿಗೆ ಕೂರಿಸೋಕೆ ತಗಡಿನ ಹಿಡಿ ಮಾಡಿಕೊಡು. ನೋಡು, ಹೇಗೆ ಹಿಡಿಯತ್ತೆ!"

ಒಂದನ್ನು ಅವಳು ತಂತಿಗೆ ಸಿಕ್ಕಿಸಿದ ಕೂಡಲೇ ಅವನು ಕೈ ಚಾಚಿದ. ಕೆಂಪು ದೀಪ ಹೊತ್ತಿತು. ಅದೇ ಹಿತ್ತಾಳೆ ಕೊಳವೆ. ಅವನ ಬೆರಳಲ್ಲಿ ದಪ್ಪನೆಯ ಚಿನ್ನದ ಉಂಗುರ.

ನಾಲ್ಕು ವರ್ಷ ಕಾದದ್ದು ಇದಕ್ಕೇ ಎಂದು ಅವಳಿಗೆ ಅನಿಸಿತು. ಜೋಡಿ ಕಣ್ಣುಗಳನ್ನು ಕಳಚಿ, ಆ ಕೊಳವೆಯನ್ನೇ ತನ್ನ ಪ್ರೆಸ್ಸಿಗೆ ಬಿಗಿದು, ಪೆಡಲಿನ ಪಕ್ಕಕ್ಕೆ ಕಾಲು ಸರಿಸಿದಳು.

"ಉಂಗುರ ತೆಗೆದು ಒಳಗೆ ಕೈ ಇಡಿ ಯಜಮಾನ್ರೇ."

"ಉಂಗುರ ಯಾಕೆ?"

"ನಿಮ್ಮಲ್ಲಿ ಕೆಲಸದೋರು ಉಂಗುರ ಹಾಕೋ ಹಾಗಿಲ್ಲ. ನೀವೇ ಬೋರ್ಡ್ ಹಾಕ್ಸಿದ್ದೀರಿ."

ಅವನು ನಗುತ್ತಲೇ ಉಂಗುರ ತೆಗೆದು ಕೈ ಒಳಗಿಟ್ಟ. ದೀಪ ಹೊತ್ತಲಿಲ್ಲ. ನಗು ಆರಿತು.

"ನಿಂ... ನಿಲ್ಲುತ್ತೆ ತಾನೇ?"

"ನಿಂತ್ರೆ ಹಿಡಿ ಮಾಡಿಕೊಡ್ತೀನಿ. ನಿಲ್ಲದಿದ್ರೆ ವರದಿ ನಾನೇ ಬರೀತೀನಿ, 'ಯಜಮಾನನ ಅಜಾಗರೂಕತೆ' ಅಂತ."

ಕೆಂಡ ಮುಟ್ಟಿದವನಂತೆ ಅವನು ಕೈ ಎಳೆದುಕೊಂಡ. ಅವಳು ಪೆಡಲ್ ತುಳಿದಳು. ಅವನ ಕೈ ಇದ್ದ ಜಾಗಕ್ಕೆ ಪ್ರೆಸ್ ಧಡ್ಡನೆ ಬಡಿಯಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು, "ಕೂತ್ಕೊಳಪ್ಪಾ, ಬೆವರು ಒರೆಸ್ಕೋ."

"ನಿಮ್ಮ ಜೋಡಿ ಕಣ್ಣೇ ಹಾಕಿಕೊಡಿ ಅಮ್ಮಾ," ಎಂದ. 'ನೀನು' ಎನ್ನುತ್ತಿದ್ದ ಬಾಯಿ 'ನೀವು' ಕಲಿತಿತ್ತು.

"ಹಳೇ ವರದಿ ತನ್ನಿ. ಮೂರು ಸಲ ಕೇಳಿದ್ರೂ ಸೆನ್ಸರ್ ಹಾಕಿಸಲಿಲ್ಲ ಅಂತ ನಿಮ್ಮ ಕೈಯಾರೆ ಬರೆದು ರುಜು ಹಾಕಿ. ಆಮೇಲೆ ಮಾತು."

ಮಧ್ಯಾಹ್ನದೊಳಗೆ ವರದಿ ಬಂತು. ಒಂದು ಕೈಯ ಐದು ಬೆರಳಲ್ಲಿ ಕಾಗದ ಒತ್ತಿ ಹಿಡಿದು, ಇನ್ನೊಂದರ ಐದರಲ್ಲಿ ಅವನು ಬರೆದು ರುಜು ಹಾಕಿದ. ಅವಳು ಅಕ್ಷರ ಅಕ್ಷರ ಓದಿ, ಕಾಗದವನ್ನು ಟ್ರಂಕಿಗೆ ಹಾಕಿ ಬೀಗ ತಿರುಗಿಸಿದಳು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡಳು.

"ಮೊದಲು ಮೂರನೇ ನಂಬರ್ ಪ್ರೆಸ್ಸಿಗೆ. ಅಲ್ಲಿ ಈಗ ಕೂತಿರೋಳಿಗೆ ಹತ್ತು ಬೆರಳಿದೆ."