ಜ್ವರ ಬಿಟ್ಟ ಮೇಲೆ ಹಂಚು ಒಡೆಯಲಿಲ್ಲ

ಬೆಳಕು ಹರಿಯುವ ಮೊದಲೇ ಪುತ್ತೂರಿನ ಹಂಚಿನ ಕಾರ್ಖಾನೆಯಲ್ಲಿ ಚೆನ್ನು ಹಂಚಿನ ಮೇಲೆ ನಿಂತಿದ್ದಾಳೆ. ಎರಡು ಇಟ್ಟಿಗೆಗಳ ನಡುವೆ ಸಂಕದಂತೆ ಹಂಚು ಇಟ್ಟು, ಮೇಲೆ ಹತ್ತಿ ನಿಲ್ಲುವುದೇ ಅವಳ ಉದ್ಯೋಗ. ಹಂಚು ಸುಟ್ಟ ಗೂಡಿನ ನೆತ್ತಿಯಿಂದ, ಬುಡದಿಂದ, ಗೋಡೆಯ ಬದಿಯಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿ ತರುತ್ತಾಳೆ. ಅವು ತಾಳಿದರೆ ಇಡೀ ಗೂಡೇ ಗಟ್ಟಿ ಎಂದು ಲೆಕ್ಕ. ಎಲ್ಲವನ್ನೂ ಮೆಟ್ಟಿ ನೋಡುತ್ತ ಕೂತರೆ ಮಳೆಗಾಲ ಕಾಯುವುದಿಲ್ಲ.

ಈ ಸಲವೂ ಕಾಯುವ ಲಕ್ಷಣವಿಲ್ಲ. ಐವರ್ನಾಡಿನ ಶಾಲೆಯವರು ಛಾವಣಿಯ ಹಳೆಯ ಮುಳಿಹುಲ್ಲು ಇಳಿಸಿ, ಬರಿಯ ಪಕ್ಕಾಸಿನ ಮರಗಳ ಕೆಳಗೆ ಹಂಚಿಗೆ ಕಾದಿದ್ದಾರೆ. ಅಂಗಳದಲ್ಲಿ ಲಾರಿ ಗುರುಗುಟ್ಟುತ್ತಿದೆ.

"ನಿನ್ನೆಯೇ ಪಾಸು ಮಾಡಿದ್ದಿಯಲ್ಲ, ಇನ್ನು ಎಂತ ಕುಣಿಯುದು ಮಾರಾಯ್ತಿ?" ಎಂದು ಕಾರ್ಖಾನೆಯ ಲೆಕ್ಕ ಬರೆಯುವ ರೈಟರು ಉದಯಶಂಕರ ಕೇಳುತ್ತಾರೆ.

ಕೆದಂಬಾಡಿಯಿಂದ ಮಣ್ಣು ಹೊರಲು ಬಂದ ಚೆನ್ನುವನ್ನು ಹಿಂದಿನ ಮೇಸ್ತ್ರಿ ಈ ಕೆಲಸಕ್ಕೆ ಆರಿಸಿದ್ದು ಅವಳ ತೂಕ ನೋಡಿ. ಆ ತೂಕವನ್ನು ಕಳೆದ ತಿಂಗಳು ಮಲೇರಿಯಾ ತಿಂದುಹಾಕಿತು. ಜ್ವರ ಬಿಟ್ಟು ಈ ವಾರ ಕೆಲಸಕ್ಕೆ ಬಂದ ಮೇಲೆ ಅವಳ ಕಾಲಡಿ ಒಂದು ಹಂಚೂ ಒಡೆದಿಲ್ಲ. ಗೂಡಿಗೆ ಬೆಂಕಿ ಹಾಕುವ ಕೂಸಪ್ಪ, "ಎಲ್ಲ ನನ್ನ ಕೈಗುಣ" ಎಂದು ಬೀಡಿ ಹಚ್ಚಿದ್ದ. ಇಂದು ಹಂಚು ಎತ್ತುವಾಗ ಬಳೆ ಮೊಣಕೈವರೆಗೆ ಜಾರಿದ್ದನ್ನು ಕಂಡು, ನಿನ್ನೆ ಪಾಸು ಮಾಡಿದ ಹಂಚನ್ನೇ ಚೆನ್ನು ಮತ್ತೆ ಮೆಟ್ಟತೊಡಗಿದ್ದಾಳೆ.

"ಗೂಡು ಒಳ್ಳೆದಾದ್ದಲ್ಲ ರೈಟರೇ, ನಾನು ಸಪೂರ ಆದದ್ದು."

ಕಳಕೊಂಡ ತೂಕ ತುಂಬಲು ಮಸಾಲೆ ಕಡೆಯುವ ಗುಂಡುಕಲ್ಲನ್ನು ಮಗುವಿನಂತೆ ಅವುಚಿಕೊಂಡು ಮತ್ತೆ ಹತ್ತುತ್ತಾಳೆ. ಒಂದು ತಾಳುತ್ತದೆ. ಎರಡು ಚಟಕ್ಕನೆ ಮುರಿಯುತ್ತವೆ.

"ಕಲ್ಲು ಹೊತ್ತು ಹತ್ತಿದ್ರೆ ಯಾವುದು ಒಡೆಯುದಿಲ್ಲ? ನೀನು ಮೊದಲು ಎಷ್ಟಿದ್ದೆ ಅಂತ ಯಾರಿಗೆ ಗೊತ್ತು?"

ರೈಟರ ಪ್ರಶ್ನೆ ನ್ಯಾಯವಾದದ್ದೇ. ಚೆನ್ನು ಅಂಗಳದಲ್ಲಿ ಅತ್ತಿತ್ತ ತಿರುಗುತ್ತಾಳೆ.

"ಕಾರ್ಖಾನೆಯ ಧಣಿಗಳು ತಮ್ಮ ಗೋದಾಮಿಗೆ ಹೊದಿಸ್ಲಿಕ್ಕೆ ತೆಗೆದಿಟ್ಟ ಹಂಚು ಉಂಟಲ್ಲ, ಜ್ವರಕ್ಕೆ ಮೊದಲು ನಾನು ಮೆಟ್ಟಿದ್ದು? ಅದನ್ನೂ ಇದೇ ಕಲ್ಲು ಹೊತ್ತು ಮೆಟ್ಟುವ. ಅದು ತಾಳಿದ್ರೆ ತಪ್ಪು ಕಲ್ಲಿನದ್ದಲ್ಲ."

ಅವು ಒಂದೊಂದೂ ತಾಳುತ್ತವೆ. ಕೂಸಪ್ಪ ಬೀಡಿ ಆರಿಸುತ್ತಾನೆ. ರೈಟರು ಒಮ್ಮೆ ಮುಗಿಲು ನೋಡಿ, ಒಮ್ಮೆ ಧಣಿಗಳ ಮನೆಯ ಕಡೆ ನೋಡಿ, "ಶಾಲೆಗೆ ಅದನ್ನೇ ತುಂಬಿಸಿ. ಧಣಿಗಳಿಗೆ ನಾನು ಹೇಳ್ತೇನೆ" ಎನ್ನುತ್ತಾರೆ.

ಲಾರಿ ಹೋದ ಮೇಲೂ ಚೆನ್ನು ಕೂರುವುದಿಲ್ಲ. ಈ ವಾರ ಅವಳು ಪಾಸು ಮಾಡಿದ ಇನ್ನೊಂದು ಲೋಡು ಈಶ್ವರಮಂಗಲದಲ್ಲಿ ಆಗಲೇ ಯಾರದೋ ಮನೆಯ ಮಾಡು ಏರಿದೆ.

"ಮಳೆ ಹಿಡಿಯುವ ಮೊದಲು ಅಲ್ಲಿಗೆ ಒಮ್ಮೆ ಹೋಗ್ಬೇಕು," ಎನ್ನುತ್ತಾಳೆ. "ಏಣಿ ಅವರ ಹತ್ರ ಇರ್ಬಹುದು. ಕಲ್ಲು ನಾನೇ ಹೊತ್ಕೊಂಡು ಹೋಗ್ತೇನೆ."