ಅಕ್ಕನ ಹೆಸರಿನ ಕಾರ್ಡು

ಏನೇನು ಕೆಡಬಹುದು ಅಂತ ನಾನು ಒಂದು ತಿಂಗಳು ಕೂತು ಯೋಚಿಸಿದ್ದೆನೋ ಅದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಕಾರ್ಡು ಬಂದ್ ಮಾಡಿದ್ದಕ್ಕೆ ಕ್ರೆಡಿಟ್ ಸ್ಕೋರು ಬಿದ್ದು, ನಾಳೆ ಮಗಳ ಓದಿಗೆ ಸಾಲ ಕೇಳಲು ಹೋದಾಗ ಮ್ಯಾನೇಜರು ಕನ್ನಡಕದ ಮೇಲಿಂದ ನನ್ನನ್ನು ನೋಡಬಹುದಿತ್ತು. ನಾನು ಒಂದು ಕಾರ್ಡು ಹೇಳಿ ಅವರು ಇನ್ನೊಂದನ್ನು ಬಂದ್ ಮಾಡಬಹುದಿತ್ತು. ಎಲ್ಲ ಮುಗಿದ ಮೇಲೂ ಯಾವುದೋ ಮೂಲೆಯಲ್ಲಿ ಹನ್ನೆರಡು ರೂಪಾಯಿ ಬಾಕಿ ಉಳಿದು, ಬಡ್ಡಿ ತಿಂದು ಕೊಬ್ಬಿ, ನಾನು ನಿವೃತ್ತನಾಗುವ ದಿನ ಸರಿಯಾಗಿ ಹಾರ ಹಾಕುವ ಹೊತ್ತಿಗೆ ನೋಟೀಸಾಗಿ ಬರಬಹುದಿತ್ತು. ಕಾರ್ಡು ಬಂದ್ ಆದ ಮರುದಿನವೇ ಮನೆಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಹಾಕಬೇಕಾಗಬಹುದಿತ್ತು. ಕೊನೆಯದೊಂದಿತ್ತು. ಉಳಿದವನ್ನೆಲ್ಲ ಯೋಚಿಸಿದ್ದೇ ಅದೊಂದನ್ನು ಯೋಚಿಸಬಾರದು ಅಂತ. ಶಿರಹಟ್ಟಿಯಲ್ಲಿರುವ ನನ್ನ ಅಕ್ಕ ಮನಸ್ಸಿಗೆ ಹಚ್ಚಿಕೊಳ್ಳಬಹುದಿತ್ತು.

ನಾನು ಗದಗಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವನು. ಮನೆ ಬೆಟಗೇರಿಯಲ್ಲಿ. ನನ್ನ ಹತ್ತಿರ ನಾಲ್ಕು ಕ್ರೆಡಿಟ್ ಕಾರ್ಡು ಸೇರಿದ್ದು ನನ್ನ ಸಂಕೋಚದ ಸ್ವಭಾವದಿಂದ. ಮೊದಲನೆಯದು ಪಗಾರದ ಖಾತೆಯ ಜೊತೆಗೇ ಬಂತು. ಎರಡನೆಯದನ್ನು ನಮ್ಮ ಕಾಲೇಜಿನಲ್ಲೇ ಓದಿದ ಹುಡುಗಿಯೊಬ್ಬಳು ‘ಈ ತಿಂಗಳ ಟಾರ್ಗೆಟ್ ಆಗಿಲ್ರಿ ಸರ್’ ಅಂದದ್ದಕ್ಕೆ ತಗೊಂಡೆ. ಮೂರನೆಯದು ಪೆಟ್ರೋಲಿಗೆ. ಹೆಂಡತಿಯ ತವರು ಮುಂಡರಗಿಗೆ ನಾವು ಸ್ಕೂಟರಿನಲ್ಲಿ ಹೋಗುವುದು ವರ್ಷಕ್ಕೆ ಎರಡು ಸಲ. ಅದರಲ್ಲಿ ಎಷ್ಟು ಉಳಿಸಿದೆ ಅಂತ ಯಾರೂ ಕೇಳಬೇಡಿ. ನಾಲ್ಕನೆಯದು ನಾಲ್ಕು ವರ್ಷದ ಹಿಂದೆ ಬಡ್ತಿ ಬಂದಾಗ ಮೊದಲನೆಯ ಬ್ಯಾಂಕಿನವರೇ ಕೊಟ್ಟದ್ದು. ಅದರ ಜೊತೆಗೆ ಮನೆಯವರೊಬ್ಬರ ಹೆಸರಿನಲ್ಲಿ ಇನ್ನೊಂದು ಕಾರ್ಡು ಪುಕ್ಕಟೆ ಕೊಡುತ್ತೇವೆ ಅಂದರು. ನಾನು ಅಕ್ಕನ ಹೆಸರು ಬರೆಸಿದೆ.

ಅಪ್ಪ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲು. ಅಕ್ಕ ಹೊಲಿಗೆ ಮಷೀನಿನ ಮುಂದೆ ಕೂತವಳು ಇವತ್ತಿಗೂ ಎದ್ದಿಲ್ಲ. ಗದಗಿನ ಹಾಸ್ಟೆಲಿನಲ್ಲಿ ನಾನು ಉಂಡ ಒಂದೊಂದು ಊಟವೂ ಶಿರಹಟ್ಟಿಯ ಯಾರದೋ ಕುಬಸದ ತೋಳು, ಯಾರದೋ ಲಂಗದ ಅಂಚು. ಆ ಕಾರ್ಡು ಬಂದ ದಿನ ನಾನೇ ಒಯ್ದು ಅವಳ ಕೈಯಲ್ಲಿಟ್ಟು, ಇನ್ನು ಮೇಲೆ ಯಾವುದಕ್ಕೂ ಹಿಂದೆ ಮುಂದೆ ನೋಡಬೇಡ, ನನ್ನನ್ನೂ ಕೇಳಬೇಡ ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ. ಅವಳು ತನ್ನ ಹೆಸರನ್ನು ಒಂದು ಸಲ ಓದಿ, ಮಷೀನಿನ ಡ್ರಾದಲ್ಲಿ ಹಾಕಿದಳು. ಅಷ್ಟೇ. ಪ್ರತಿ ತಿಂಗಳು ಬರುವ ಹಾಳೆಯಲ್ಲಿ ಅವಳ ಕಾರ್ಡಿನ ಮುಂದೆ ಸೊನ್ನೆ. ಒಂದು ಕುಕ್ಕರನ್ನಾದರೂ ತಗೊಳ್ಳಬಾರದೇ ಅಂತ ನಾನು ಆ ಸೊನ್ನೆಯ ಜೊತೆ ನಾಲ್ಕು ವರ್ಷ ಜಗಳಾಡಿದೆ.

ಈ ವರ್ಷ ನಾಲ್ಕನೆಯದಕ್ಕೆ ವರ್ಷದ ಶುಲ್ಕ ಶುರುವಾಯಿತು. ನಾಲ್ಕು ಕಾರ್ಡಿನ ನಾಲ್ಕು ಕೊನೆಯ ತಾರೀಖು ನೆನಪಿಡುವುದರಲ್ಲಿ ನಾನು ಮಗಳ ಹುಟ್ಟುಹಬ್ಬ ಮರೆತೆ. ನಿಮಗ ಕಾಳಜಿ ಮಾಡಾಕ ಒಂದ ಕಾರ್ಡ್ ಸಾಕಲ್ರೀ ಅಂದಳು ಹೆಂಡತಿ. ಬ್ಯಾಂಕಿಗೆ ಹೋದೆ. ಅಲ್ಲಿನ ಹೆಣ್ಣುಮಗಳು ನನ್ನ ಪ್ರಶ್ನೆಗಳ ಪಟ್ಟಿಯನ್ನು ಎರಡು ಪುಟವೂ ತಾಳ್ಮೆಯಿಂದ ಕೇಳಿದಳು. ಎರಡನೆಯದು, ಮೂರನೆಯದು ಬಂದ್ ಮಾಡಿಸಬೇಕು. ನಾಲ್ಕನೆಯದನ್ನೂ ಬಂದ್ ಮಾಡಿ ಅದರ ಸಾಲದ ಮಿತಿಯನ್ನು ಹಳೆಯ ಮೊದಲನೆಯದಕ್ಕೇ ಸೇರಿಸಿಕೊಡುತ್ತೇವೆ ಅಂದಳು. ನಾನು ಸಮಾಧಾನದಿಂದ ಏಳುವಷ್ಟರಲ್ಲಿ, ಅಕ್ಕನ ಕಾರ್ಡೂ ಅದರ ಜೊತೆಗೇ ಹೋಗುತ್ತದೆ, ಚಿಪ್ ಇರುವಲ್ಲಿ ಕತ್ತರಿಸಿ ಒಗೆದುಬಿಡಿ ಅಂತ ಸೇರಿಸಿದಳು.

ಒಗೆದುಬಿಡಿ ಅನ್ನುವುದು ಅವಳಿಗೆ ಸುಲಭ. ನನ್ನ ಜನ್ಮದಲ್ಲಿ ನಾನು ಅಕ್ಕನ ಕೈಗೆ ಕೊಟ್ಟದ್ದು ಅಂತ ಇದ್ದದ್ದು ಅದೊಂದೇ. ಈಗ ಅದನ್ನೂ ಹಿಂದಕ್ಕೆ ತಗೊಳ್ಳಬೇಕು. ತಮ್ಮ ಕೈ ಬಿಟ್ಟ ಅಂತ ಅವಳು ಬಾಯಿಬಿಟ್ಟು ಅನ್ನುವುದಿಲ್ಲ. ಆತು ತಗೋ ಅನ್ನುತ್ತಾಳೆ. ಆ ‘ಆತು ತಗೋ’ ಹೇಗಿರುತ್ತದೆ ಅಂತ ನನಗೆ ಗೊತ್ತು, ಅದಕ್ಕೇ ಹೆದರಿಕೆ. ಉಳಿದ ಕಾರ್ಡಿನ ಮೇಲೆ ಅವಳಿಗೆ ಹೊಸದೊಂದು ಕೊಡಿಸುವ ಫಾರ್ಮು ತುಂಬಿ, ಸಹಿ ಒಂದು ಬಿಟ್ಟು, ಬ್ಯಾಗಿನಲ್ಲಿಟ್ಟುಕೊಂಡೆ. ಕೆಟ್ಟ ಸುದ್ದಿಗೆ ಜೊತೆಯಾಗಿ ಅರ್ಧ ಕಿಲೋ ಬೇಸನ್ ಉಂಡಿ. ಶಿರಹಟ್ಟಿ ಬಸ್ಸಿನಲ್ಲಿ ಕೂತು ಮೊದಲನೇ ವಾಕ್ಯವನ್ನು ಹನ್ನೊಂದು ಥರ ಹೇಳಿ ನೋಡಿದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಶಾಲೆ ಶುರುವಾಗುವ ಮುಂಚಿನ ದಿನಗಳು. ಅಕ್ಕನ ಪಡಸಾಲೆ ತುಂಬ ನೀಲಿ ಬಟ್ಟೆ. ಯುನಿಫಾರ್ಮಿನ ಸ್ಕರ್ಟುಗಳ ನಡುವೆ ಜಾಗ ಮಾಡಿಕೊಂಡು ಕೂತು, ಅವಳ ಬಿಪಿ ಕೇಳಿದೆ, ಕಣ್ಣು ಹೇಗಿದೆ ಅಂತ ಕೇಳಿದೆ, ಓಣಿಯ ನಳದ ನೀರಿನ ಬಗ್ಗೆಯೂ ಕೇಳಿದೆ.

“ಲೇ, ಬಂದದ್ದ ಹೇಳು,” ಅಂದಳು. “ನಿನ್ನ ಮಾರಿ ನೋಡಿದ್ರ ಯಾರೋ ಸತ್ತಂಗ ಐತಿ.”

ಹೇಳಿದೆ. ಸ್ಕೋರು, ಶುಲ್ಕ, ಮಿತಿ ಸೇರಿಸುವುದು, ಎಲ್ಲವನ್ನೂ ಕ್ರಮವಾಗಿ ಹೇಳಿ, ಕೊನೆಯಲ್ಲಿ ಅವಳ ಕಾರ್ಡಿಗೆ ಬಂದೆ. ಮಷೀನು ನಿಂತಿತು.

“ಅದನ್ಯಾಕೋ? ಅದನ್ನ ನಾ ದಿನಾ ಉಪಯೋಗ ಮಾಡ್ತೇನಲ್ಲ.”

ದಿನಾ. ನಾಲ್ಕು ವರ್ಷ, ದಿನಾ, ಮತ್ತು ಹಾಳೆಯಲ್ಲಿ ಸೊನ್ನೆ. ಹಾಗಾದರೆ ಆ ಖರ್ಚು ಯಾವ ಲೆಕ್ಕಕ್ಕೆ ಹೋಗಿ ಕೂತಿದೆ? ಅವಳು ಡ್ರಾ ಎಳೆಯುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಸ್ಕೂಟರು ಮಾರಿ, ಬೆಟಗೇರಿಯ ಮನೆಗೆ ಗಿರಾಕಿ ಹುಡುಕುತ್ತಿದ್ದೆ. ಅವಳು ಕಾರ್ಡು ತೆಗೆದಳು. ಮೈತುಂಬ ಚಾಕ್‌ಪೀಸಿನ ಪುಡಿ. ಉಬ್ಬಿದ್ದ ಅಂಕಿಗಳು ಸವೆದು ಸಪಾಟಾಗಿದ್ದವು, ಅವಳ ಹೆಸರು ಅರ್ಧ ಉಳಿದಿತ್ತು. ಒಂದು ಸ್ಕರ್ಟಿನ ಅಂಚನ್ನು ಮಡಚಿ, ಅದರ ಮೇಲೆ ಕಾರ್ಡನ್ನು ಅಡ್ಡ ಇಟ್ಟು, ಸರ್ರನೆ ಚಾಕ್‌ಪೀಸಿನ ಗೆರೆ ಎಳೆದಳು.

“ಇದರ ಅಗಲ ಎರಡ ಇಂಚಿನ ಮ್ಯಾಲೆ ಒಂದ ನೂಲು. ಬೆಳಿಯೋ ಹುಡುಗ್ಯಾರಿಗೆ ಇಷ್ಟ ಒಳಗ ಮಡಚಿ ಹೊಲದ್ರ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿ ಹಾಕ್ಕೋತಾರ. ಟೇಪ್ ಹಿಡಿಯೋದ ಬ್ಯಾಡ.”

ಶಿರಹಟ್ಟಿಯ ಎಷ್ಟೋ ಹುಡುಗಿಯರ ಎರಡನೆಯ ವರ್ಷದ ಸ್ಕರ್ಟು ನನ್ನ ಕಾರ್ಡಿನ ಅಗಲದಿಂದ ಬಂದದ್ದು. ಬ್ಯಾಂಕಿಗೆ ಇದರ ಖಬರೇ ಇಲ್ಲ. ನನ್ನ ನಾಲ್ಕರಲ್ಲಿ ದುಡಿದದ್ದು ಇದೊಂದೇ.

ಆದರೂ ಬಿಡದೆ ಫಾರ್ಮು ತೆಗೆದು ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ.

“ನನ್ನ ಕಣ್ಣಿನ ಆಪರೇಶನ್ನಿಗೆ ಕಾರ್ಡ್ ಬಂದಿತ್ತೇನೋ ತಮ್ಮಾ? ನೀ ಬಂದಿದ್ದಿ.”

ಬಂದಿದ್ದೆ, ಖರೆ. ಬಂದು, ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದ್ದಕ್ಕೆ ನರ್ಸು ನನ್ನನ್ನು ಚಹಾ ಕುಡಿಯಲು ಹೊರಗೆ ಅಟ್ಟಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಕ್ಕನೇ ನನಗೆ ಧೈರ್ಯ ಹೇಳಿದ್ದಳು. ಅದನ್ನೆಲ್ಲ ಬಿಟ್ಟು, ನಾನು ಬಂದದ್ದೊಂದನ್ನೇ ಅವಳು ನೆನಪಿನಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಫಾರ್ಮು ಮಡಚಿ ಬ್ಯಾಗಿನೊಳಗೆ ಹಾಕುತ್ತ ಬಹಳ ಹೊತ್ತು ಬ್ಯಾಗಿನೊಳಗೇ ನೋಡಿದೆ.

ಬಂದ್ ಮಾಡಿಸು, ಆದರೆ ಇದನ್ನು ಮಾತ್ರ ಒಯ್ಯಬೇಡ ಅಂದು ಅವಳು ಚಹಾ ಮಾಡಲು ಒಳಗೆ ಹೋದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿಪ್ ಹಾಗೇ ಇತ್ತಲ್ಲ. ಯಾರಾದರೂ ಒಯ್ದರೆ? ನೋಡಿದೆ: ಚಿಪ್ ಇರುವುದು ಒಂದು ತುದಿಗೆ. ಆ ತುದಿಯನ್ನಷ್ಟೇ ಕತ್ತರಿಸಿದರೆ ಉದ್ದ ಕಡಿಮೆಯಾಗುತ್ತದೆ, ಅಗಲ ಹಾಗೇ ಇರುತ್ತದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ನೀಲಿ ಬಟ್ಟೆಯ ಮೇಲೆ ಕತ್ತರಿ ಬಿದ್ದಿತ್ತು. ಮೂರು ಸಲ ಒತ್ತಿದೆ. ಮೂರನೆಯ ಸಲಕ್ಕೆ ಕಟಕ್ ಅಂತ ತುದಿ ಹಾರಿತು.

ಚಹಾ ಹಿಡಿದು ಬಂದ ಅಕ್ಕ ಕಾರ್ಡನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದಳು. ಅದು ಬಟ್ಟೆಯ ಕತ್ತರಿ. ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಬಾರದ್ದು. ಸಣ್ಣವನಿದ್ದಾಗ ಗಾಳಿಪಟಕ್ಕೆ ಅದರಲ್ಲಿ ಕಾಗದ ಕತ್ತರಿಸಿ ಬೆನ್ನ ಮೇಲೆ ಏಟು ತಿಂದವನು ನಾನೇ. ಅವಳು ಕಪ್ಪುಗಳನ್ನು ಕೆಳಗಿಟ್ಟು, ಒಂದು ತುಂಡು ಬಟ್ಟೆ ತಗೊಂಡು ಕತ್ತರಿ ಓಡಿಸಿದಳು. ಅರ್ಧ ದಾರಿ ಸರಸರ ಹೋಗಿ, ನಡುವೆ ಬಟ್ಟೆಯನ್ನು ಕಚ್ಚಿಕೊಂಡು ನಿಂತಿತು. ಮತ್ತೊಮ್ಮೆ ಓಡಿಸಿದಳು. ಮತ್ತೆ ಅಲ್ಲೇ.

“ಚಹಾ ಕುಡಿ,” ಅಂದಳು. “ಕುಡದು ಲಕ್ಷ್ಮೇಶ್ವರಕ್ಕ ಹೋಗು. ಅಲ್ಲಿ ಸಾಣಿ ಹಿಡಿಯಾವ ಛಲೋ ಅದಾನ. ಸಂಜಿಗೆ ನನಗ ಕತ್ತರಿ ಬೇಕು.”

ಸ್ಕೋರು ಬಿದ್ದಿಲ್ಲ, ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಳು. ಯಾವ ನೋಟೀಸೂ ಬಂದಿಲ್ಲ. ಎಲ್ಲರೂ ಆರಾಮ ಇದ್ದಾರೆ. ಕೆಟ್ಟದ್ದು ಅಂದರೆ ಅಕ್ಕನ ಕತ್ತರಿಯ ಬಾಯಿ, ಅದೂ ನಟ್ಟನಡುವೆ, ಒಂದು ಜೋಳದ ಕಾಳಿನಷ್ಟು.